ತನಗೆ ತಾನೇ ನ್ಯಾಯಾಧಿಪತಿಯಾಗಬಹುದೋ?



ಬೂದಿ ಬುಧವಾರ ಮೊದಲುಗೊಂಡು ಪುನರುತ್ಥಾನದ ಹಬ್ಬದ ಹಿಂದಿನ ಶನಿವಾರದ ವರೆಗೆ ಎಣಿಸಿದರೆ 46 ದಿವಸಗಳಾಗುತ್ತವೆ. ಇವುಗಳಲ್ಲಿ 6 ಆದಿತ್ಯವಾರಗಳನ್ನು ಬಿಟ್ಟು ಉಳಿದ 40 ದಿವಸಗಳನ್ನೇ ಲೆಂಟ್ ಕಾಲವೆನ್ನುವರು. ಯಾಕಂದರೆ ಕರ್ತನು ಎದ್ದ ದಿವಸದಲ್ಲಿ ಉಪವಾಸವು ತಕ್ಕದ್ದಲ್ಲ. ಕ್ರಿ. ಶ. 325ರಲ್ಲಿ ನಿಕಾಯ ಪಟ್ಟಣದಲ್ಲಿ ಕೂಡಿದ ಮಹಾಸಭೆಯ ಐದನೆಯ ನಿಯಮದಲ್ಲಿಯೇ ಈ 40 ದಿವಸಗಳ ಹೆಸರು ಬರುತ್ತದೆ. ಅದು ಬಂದಿರುವ ಸಂದರ್ಭವನ್ನು ನಮ್ಮವರಲ್ಲಿ ಅನೇಕರು ಅರಿಯರು. ಒಬ್ಬನನ್ನು ಸಭೆಯಿಂದ ಹೊರಗೆ ಹಾಕಿದ್ದು ಬಿಷಪನ ಹಗೆತನದಿಂದಲೋ ಜಗಳಗಂಟಿತನದಿಂದಲೋ ಎಂದು ವಿಚಾರಿಸುವದಕ್ಕಾಗಿ ಪ್ರಾಂತದ ಬಿಷಪರೆಲ್ಲರೂ ವರುಷಕ್ಕೆ ಎರಡಾವರ್ತಿ ಕೂಡಬೇಕು, ಒಂದು ಕೂಟವು ಈ 40 ದಿವಸಗಳಿಗೆ ಮುಂಚೆಯೇ ಆಗಬೇಕು, ಹೀಗೆ ಮನಸ್ತಾಪಗಳೆಲ್ಲಾ ತೀರಿದ ಮೇಲೆ ದೇವರಿಗೆ ಶುದ್ಧವಾದ ಕಾಣಿಕೆಯು ಸಲ್ಲುವದು ಎಂಬದೇ ಆ ನಿಯಮದ ತಾತ್ಪರ್ಯ. ಅದರಲ್ಲಿ ಊಟದ ಮಾತೇ ಇಲ್ಲ.

ನಾವಾದರೋ ಲೆಂಟ್ ಅಂದ ಕೂಡಲೇ ಊಟವನ್ನೇ ನೆನಸುತ್ತೇವೆ. 1522ರ ಲೆಂಟ್ ಕಾಲದಲ್ಲಿ ಜೂರಿಕ್ ಪಟ್ಟಣದ ಮುದ್ರಣಗಾರನಾದ ಫ್ರೊಶೌವರನ ಮನೆಯಲ್ಲಿ ಕೆಲವರು ನಿಯಮವನ್ನು ಮೀರಿ ಮಾಂಸ ತಿಂದರು. ಅಲ್ಲಿದ್ದ ತ್ಸ್ವಿಂಗ್ಲಿಯು ತಾನು ತಿನ್ನಲಿಲ್ಲ. ಆದರೂ ತಿನ್ನುವದೂ ಬಿಡುವದೂ ವಿಶ್ವಾಸಿಯ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ಪ್ರಸಂಗಮಾಡಿದನು. ಈ ಸ್ವಾತಂತ್ರ್ಯವನ್ನು ನಾವು ಸಂತೋಷದಿಂದ ಅಂಗೀಕರಿಸಿದ್ದೇವೆ. ಅದರ ಜೊತೆಯಲ್ಲಿ ಬರುವ ಭಾರವನ್ನು ಅಷ್ಟು ಸಂತೋಷದಿಂದ ಹೊತ್ತಿಲ್ಲ. 40 ದಿವಸ ಮೀನು ಮಾಂಸ ಮುಟ್ಟದವನು ಹೊಲದ ಬದುವಿನ ಜಗಳದಿಂದ ಒಡಹುಟ್ಟಿದವನ ಸಂಗಡ ಹತ್ತು ವರುಷ ಮಾತಾಡದೆ ಇರಬಹುದು. ಎಲ್ಲವನ್ನೂ ತಿನ್ನುವವನೂ ಹಾಗೆಯೇ ಇರಬಹುದು. ಬದುವು ಇಬ್ಬರಿಗೂ ಒಂದೇ.

ಆದಕಾರಣ ಆತ್ಮಶೋಧನೆ ಬೇಕೆಂದು ಬೋಧಕರು ಹೇಳುತ್ತಾರೆ. ಪೌಲನೂ ಕೊರಿಂಥದವರಿಗೆ, ಕರ್ತನ ಭೋಜನಕ್ಕೆ ಬರುವವನು ಮೊದಲು ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂದು ಬರೆದನು. ಆದರೆ ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಲೋಕದ ನ್ಯಾಯಸ್ಥಾನದಲ್ಲಿ ಆಪಾದಿತನು ಒಬ್ಬನು, ಸಾಕ್ಷಿಯು ಬೇರೊಬ್ಬನು, ತೀರ್ಪುಕೊಡುವವನು ಮತ್ತೊಬ್ಬನು. ಆತ್ಮಶೋಧನೆಯಲ್ಲಿ ಈ ಮೂವರೂ ಒಬ್ಬನೇ. ಅಂಥಾ ನ್ಯಾಯಸ್ಥಾನದಿಂದ ನೀತಿಯುಳ್ಳ ತೀರ್ಪು ಹೊರಡುವದುಂಟೋ? ದೇವಾಲಯಕ್ಕೆ ಹೋದ ಫರಿಸಾಯನೂ ತನ್ನನ್ನು ಶೋಧಿಸಿಕೊಂಡನು. ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ದಶಮಾಂಶ ಎಂದು ಲೆಕ್ಕವನ್ನು ತಪ್ಪಿಲ್ಲದೆ ಒಪ್ಪಿಸಿದನು. ಲೆಕ್ಕ ಸರಿಯಾಗಿತ್ತು, ಪುಸ್ತಕವೇ ಬೇರೆಯಾಗಿತ್ತು.

ದಾವೀದನ ಚರಿತ್ರೆಯನ್ನು ನೋಡೋಣ. ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ಮನೆಗೆ ತಂದ ಮೇಲೆ ಅರಸನು ಸುಮ್ಮನೆ ರಾಜ್ಯಭಾರ ಮಾಡುತ್ತಿದ್ದನು. ಕೂಸು ಹುಟ್ಟುವಷ್ಟು ಕಾಲ ಕಳೆಯಿತು. ಆ ತಿಂಗಳುಗಳಲ್ಲಿ ಅವನು ಪ್ರಾರ್ಥನೆಯನ್ನು ಬಿಟ್ಟನೆಂದು ಸತ್ಯವೇದವು ಹೇಳುವದಿಲ್ಲ. ಆಗ ನಾತಾನನು ಬಂದು, ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆಯನ್ನು ಹೇಳಿದನು. ಅರಸನು ಕೋಪದಿಂದ ಉರಿದು, ಅಂಥವನು ಸಾಯತಕ್ಕವನು, ಮರಿಗೆ ನಾಲ್ಕರಷ್ಟು ಕೊಡಬೇಕು ಎಂದು ತೀರ್ಪುಕೊಟ್ಟನು. ಅವನ ನ್ಯಾಯಬುದ್ಧಿಯು ಸತ್ತಿರಲಿಲ್ಲ. ನೆರೆಯವನ ಮನೆಯ ಕಡೆಗೆ ಮಾತ್ರ ತಿರುಗಿತ್ತು. ಆ ಮನುಷ್ಯನು ನೀನೇ ಎಂಬದನ್ನು ಹೇಳುವದಕ್ಕೆ ಹೊರಗಿನಿಂದ ಒಬ್ಬನು ಬರಬೇಕಾಯಿತು. ಆದದರಿಂದ ಒಬ್ಬನೇ ಕೋಣೆಯಲ್ಲಿ ಕೂತು ಮಾಡುವ ಶೋಧನೆಯು ಅರ್ಧ ಶೋಧನೆಯೆಂದು ನಾವು ಎಣಿಸುತ್ತೇವೆ. ಹೆಂಡತಿಯನ್ನು ಕೇಳಬೇಕು, ಕೂಲಿಯಾಳನ್ನು ಕೇಳಬೇಕು, ನಮ್ಮ ಕೊಳಗದಲ್ಲಿ ಭತ್ತ ಅಳಿಸಿಕೊಂಡವನನ್ನು ಕೇಳಬೇಕು. ಅವರು ಭಯವಿಲ್ಲದೆ ಹೇಳುವ ಹಾಗೆ ನಾವು ಇದ್ದೇವೋ ಎಂಬದು ಶೋಧನೆಯ ಮೊದಲನೆಯ ಪ್ರಶ್ನೆಯಾಗಿರಬಹುದು.

ಮಿತಿಮೀರಿದ ಶೋಧನೆಯೂ ಉಂಟು. ಮಾರ್ಟಿನ್ ಲೂಥರನು 1505ರಲ್ಲಿ ಎರ್ಫುರ್ಟಿನ ಮಠವನ್ನು ಸೇರಿ, ಬಿಟ್ಟುಹೋದ ಪಾಪವೊಂದು ಇನ್ನೂ ಉಂಟೋ ಎಂದು ಪದೇಪದೇ ಅರಿಕೆಮಾಡಿ ಬಳಲಿದನು. ಹಿರಿಯನಾದ ಸ್ಟೌಪಿಟ್ಸನು ಅವನ ಕಣ್ಣನ್ನು ಅವನಿಂದ ತಿರುಗಿಸಿ ಕ್ರಿಸ್ತನ ಗಾಯಗಳ ಕಡೆಗೆ ನೋಡುವಂತೆ ಬುದ್ಧಿಹೇಳಿದನು. ತನ್ನ ಪಾಪವನ್ನೇ ಕೆದಕುತ್ತಾ ಕೂತವನೂ ತನ್ನನ್ನೇ ನೋಡುತ್ತಿರುತ್ತಾನೆ. ದಾವೀದನ ಹೆಸರಿನಲ್ಲಿರುವ 51ನೆಯ ಕೀರ್ತನೆಯಲ್ಲಿ ಶುದ್ಧ ಹೃದಯಕ್ಕಾಗಿ ಬೇಡುವ ಕಡೆಯಲ್ಲಿ, ಆದಿಕಾಂಡದ ಮೊದಲನೆಯ ವಚನದಲ್ಲಿ ದೇವರು ಲೋಕವನ್ನು ಉಂಟುಮಾಡಿದ್ದಕ್ಕೆ ಇರುವ ಇಬ್ರಿಯ ಕ್ರಿಯಾಪದವೇ ಬರುತ್ತದೆ. ಹಳೇ ಹೃದಯವನ್ನು ತೇಪೆಹಾಕಿ ಕೊಡೆಂದು ಅವನು ಕೇಳಲಿಲ್ಲ.

ಆ ಹೊಸ ಹೃದಯವು ಬಂದಿತೆಂದು ಹೇಗೆ ತಿಳಿಯುವದು? ಯೆರಿಕೋವಿನ ಸುಂಕದ ಮುಖ್ಯಸ್ಥನಾದ ಜಕ್ಕಾಯನನ್ನು ನೋಡಿರಿ. ಮೋಸದಿಂದ ತಕ್ಕೊಂಡದ್ದನ್ನು ತಾನೇ ಒಪ್ಪಿಕೊಂಡವನು ಮೂಲದ ಮೇಲೆ ಐದನೆಯ ಒಂದು ಪಾಲನ್ನು ಕೂಡಿಸಿ ಕೊಟ್ಟರೆ ಮೋಶೆಯ ಧರ್ಮಶಾಸ್ತ್ರಕ್ಕೆ ಸಾಕಾಗಿತ್ತು. ನಾಲ್ಕರಷ್ಟು ಎಂಬದು ಕುರಿಯನ್ನು ಕದ್ದು ಕೊಯ್ದವನಿಗೆ ಅಥವಾ ಮಾರಿದವನಿಗೆ ಇಟ್ಟ ದಂಡನೆ. ದಾವೀದನು ಕಥೆಯ ಐಶ್ವರ್ಯವಂತನಿಗೆ ವಿಧಿಸಿದ ಅದೇ ದಂಡವನ್ನು ಜಕ್ಕಾಯನು ಯಾವ ನಾತಾನನೂ ಬೆರಳು ತೋರಿಸದಿರುವಾಗ ಕರ್ತನ ಮುಂದೆ ನಿಂತು ತನಗೇ ವಿಧಿಸಿಕೊಂಡನು. ಅವನ ಎದೆಯೊಳಗೆ ನಡೆದದ್ದನ್ನು ಯೆರಿಕೋವಿನವರಲ್ಲಿ ಯಾರೂ ಕಾಣಲಾರರು. ಮನೆಯ ಹೊರಗೆ ಗುಣುಗುಟ್ಟುತ್ತಿದ್ದವರಲ್ಲಿ ಯಾರಾರಿಗೆ ಎಷ್ಟೆಷ್ಟು ತಿರಿಗಿ ಸಲ್ಲಬೇಕೆಂಬದು ಅವನ ಲೆಕ್ಕದ ಪುಸ್ತಕದಲ್ಲಿತ್ತು.