ಸೊಂಟದ ಮೇಲೆ, ಸೊಂಟದ ಕೆಳಗೆ

(2025ರ ಜುಲೈ. ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಅಕ್ಕ, ಮೈಸೂರಿನಿಂದ ಬಂದಿರುವ ತಮ್ಮ. ಅಕ್ಕನಿಗೆ ಸಂಧಿವಾತ, ಕಚೇರಿ ಕೆಲಸದಲ್ಲಿದ್ದಾಳೆ. ತಮ್ಮ ಬ್ಯಾಂಕಿನವನು.)

ತಮ್ಮ: ಅಲ್ಲ ಕಣೇ ಅಕ್ಕ, ಕೆಲಸಕ್ಕೆ ಹೋಗ್ತೀಯ, ಸಂಬಳ ತಗೋತೀಯ. ಇನ್ನು ಈ ಭತ್ಯೆಗೆ ಬೇರೆ ಪಾರ್ಲಿಮೆಂಟಿನ ಮುಂದೆ ಹೋಗಿ ಕೂರಬೇಕಾ?

ಅಕ್ಕ: ಪಿಪ್ ಅನ್ನೋ ಈ ಅಂಗವಿಕಲರ ಭತ್ಯೆ ನಿರುದ್ಯೋಗ ಭತ್ಯೆ ಅಲ್ಲ ಕಣೋ. ದುಡಿದರೂ ಬರುತ್ತೆ, ದುಡಿಯದಿದ್ದರೂ ಬರುತ್ತೆ. ಇಂಥ ಮೈ ಇಟ್ಕೊಂಡು ಬದುಕೋಕೆ ಖರ್ಚು ಜಾಸ್ತಿ, ಅದಕ್ಕೆ. ನನಗೆ ವಾರಕ್ಕೆ 73 ಪೌಂಡ್ 90 ಪೆನ್ಸ್. ಬೆಳಿಗ್ಗೆ ಸ್ನಾನ ಮಾಡಿಸಿ ಬಟ್ಟೆ ಹಾಕೋಕೆ ಒಬ್ಬಳು ಬರ್ತಾಳೆ. ಅವಳು ಬರದಿದ್ದ ದಿನ ಕಚೇರಿಗೆ ನಾನೂ ರಜಾ.

ತಮ್ಮ: ಅಳತೆ ಅಂತ ಒಂದು ಬೇಡವಾ? ಕೇಳಿದವರಿಗೆಲ್ಲ ಕೊಡ್ತಾ ಹೋದರೆ ಯಾವ ಖಜಾನೆ ತಡೆಯುತ್ತೆ?

ಅಕ್ಕ: ಅಳತೆ ಇದೆಯಪ್ಪ. ಸೊಂಟದ ಕೆಳಗೆ ತೊಳೆಯೋಕೆ ಬೇರೆಯವರ ಕೈ ಬೇಕು ಅಂದರೆ 2 ಅಂಕ. ಹೆಗಲಿಂದ ಸೊಂಟದವರೆಗೆ ತೊಳೆಯೋಕೂ ಬೇಕು ಅಂದರೆ 4. ನನಗೆ ಸ್ನಾನಕ್ಕೆ 2, ಬಟ್ಟೆಗೆ 2, ಅಡುಗೆಗೆ 2, ಶೌಚಕ್ಕೆ 2. ಕೂಡಿದರೆ 8, ಪಾಸು. ಮಾರ್ಚ್‌ನಲ್ಲಿ ಸರ್ಕಾರ ಏನಂತು? ಯಾವುದಾದರೂ ಒಂದರಲ್ಲೇ 4 ಬರಬೇಕು, ಇಲ್ಲದಿದ್ದರೆ ಏನೂ ಇಲ್ಲ. ನನ್ನ ಮೈ ಇದ್ದ ಹಾಗೇ ಇದೆ, ಗೆರೆ ಜರುಗಿಸೋಕೆ ಹೊರಟರು. ಸುಮಾರು 500 ಕೋಟಿ ಪೌಂಡ್ ಉಳಿಸಬೇಕಿತ್ತಂತೆ. ಆ ಲೆಕ್ಕ ಮೊದಲು, ನನ್ನ ಸೊಂಟ ಆಮೇಲೆ.

ತಮ್ಮ: ನಮ್ಮಲ್ಲೂ 40 ಪರ್ಸೆಂಟ್ ಅಂಗವೈಕಲ್ಯದ ಗೆರೆ ಇಲ್ಲವಾ? ಸರ್ಟಿಫಿಕೇಟಿಗೆ ಹೋದಾಗ ‘ಆಗಲ್ಲ ಡಾಕ್ಟ್ರೇ’ ಅನ್ನಬೇಕು, ಇಂಟರ್‌ವ್ಯೂಗೆ ಹೋದಾಗ ‘ಎಲ್ಲಾ ಆಗುತ್ತೆ ಸಾರ್’ ಅನ್ನಬೇಕು.

ಅಕ್ಕ: ಎರಡೂ ನಿಜವೇ. ಇಲ್ಲಿ ‘ಆಕ್ಸೆಸ್ ಟು ವರ್ಕ್’ ಅಂತ 1994ರಿಂದ ಒಂದು ಯೋಜನೆ ಇದೆ. ಬೇಕಾದಂಥ ಕುರ್ಚಿ, ಟ್ಯಾಕ್ಸಿ, ಸನ್ನೆ ಭಾಷೆಯ ದುಭಾಷಿ, ಇದಕ್ಕೆಲ್ಲ ದುಡ್ಡು ಕೊಡುತ್ತೆ. ಆದರೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಸಿಕ್ಕ ಕೆಲಸ ಇನ್ಯಾರದೋ ಪಾಲು. ಕೆಲಸಕ್ಕೆ ಹೋಗಿ ಅಂತ ಭಾಷಣ ಬಿಗಿಯೋ ಸರ್ಕಾರವೇ ಆ ಅರ್ಜಿ ಮೇಲೆ ಕೂತಿರುತ್ತೆ.

ತಮ್ಮ: ಹಾಗಾದರೆ ‘ನಮಗೆ ಕೊಟ್ಟ ದುಡ್ಡು ತೆರಿಗೆಯಾಗಿ ವಾಪಸ್ ಬರುತ್ತೆ’ ಅನ್ನಿ. ಅದಕ್ಕಿಂತ ಒಳ್ಳೇ ವಾದ ಬೇಕಾ?

ಅಕ್ಕ: ಅದನ್ನೇ ಅಂದ್ವಿ, ಗಂಟಲು ಕಟ್ಟೋವರೆಗೂ. ಸಂಸದರಿಗೂ ಹಿಡಿಸಿತು. ಜುಲೈ 1ರಂದು ಮಸೂದೆಯ ಚರ್ಚೆ ನಡೀತಿರುವಾಗಲೇ ಮಂತ್ರಿ ಸ್ಟೀಫನ್ ಟಿಮ್ಸ್ ಎದ್ದು, 4 ಅಂಕದ ನಿಯಮ ಕೈಬಿಟ್ಟಿದ್ದೀವಿ ಅಂದರು.

ತಮ್ಮ: ಗೆದ್ದಿರಲ್ಲ! ಮತ್ಯಾಕೆ ಮುಖ ಹೀಗೆ?

ಅಕ್ಕ: ಅದೇ ಮಸೂದೆಯಲ್ಲಿ ಇನ್ನೊಂದು ಕಡಿತ ಇತ್ತು, ಅದು ಹೋಗಲಿಲ್ಲ. ಕಾಯಿಲೆಯಿಂದ ದುಡಿಯಲಾಗದವರಿಗೆ ಯೂನಿವರ್ಸಲ್ ಕ್ರೆಡಿಟ್ ಅನ್ನೋ ಭತ್ಯೆಯಲ್ಲಿ ವಾರಕ್ಕೆ ಸುಮಾರು 97 ಪೌಂಡ್ ಹೆಚ್ಚುವರಿ ಬರುತ್ತೆ. ಮುಂದಿನ ಏಪ್ರಿಲ್‌ನಿಂದ ಹೊಸದಾಗಿ ಸೇರುವವರಲ್ಲಿ ಬಹುಪಾಲು ಜನಕ್ಕೆ 50 ಅಷ್ಟೇ. ನಮ್ಮ ಗುಂಪು ‘ದುಡೀತೀವಿ, ಅದಕ್ಕೇ ಕೊಡಿ’ ಅಂತ ಕೂಗಿತು ನೋಡು, ಆ ಕೂಗಿನಲ್ಲಿ ಇವರಿಗೆ ಜಾಗ ಎಲ್ಲಿತ್ತು?

ತಮ್ಮ: ಕಾಯಕದ ನಾಡಿನವರು ನಾವು. ದುಡಿಮೆಯಿಂದಲೇ ಮನುಷ್ಯನಿಗೆ ಮರ್ಯಾದೆ ಅಂತ ಅಪ್ಪನೂ ಹೇಳ್ತಿದ್ರು.

ಅಕ್ಕ: ಕಾಯಕದ ಜೊತೆ ದಾಸೋಹವೂ ಇತ್ತು, ಅದನ್ನ ಎಲ್ಲರೂ ಮರೀತಾರೆ. ಅಪ್ಪ ಹಾಸಿಗೆ ಹಿಡಿದಾಗ ನೀನೇ ಮೈ ಒರೆಸಿದ್ದು. ಆಗ ಅವರ ಮರ್ಯಾದೆ ಕಮ್ಮಿ ಆಗಿತ್ತಾ?

ತಮ್ಮ: ಅಪ್ಪ ನಮ್ಮೋರು. ಮನೆಯವರ ಋಣ ಬೇರೆ. ಗುರುತು ಪರಿಚಯ ಇಲ್ಲದವನು ಯಾಕೆ ತೆರಿಗೆ ಕಟ್ಟಬೇಕು?

ಅಕ್ಕ: ಅವನಿಗೂ ಒಂದು ದಿನ ಮುಪ್ಪು ಬರುತ್ತೆ ಅನ್ನಬಹುದು. ಅದೂ ಲಾಭದ ಮಾತೇ ಆಯ್ತು, ಬಿಡು. ನಮ್ಮನ್ನ ಅಂಗವಿಕಲರನ್ನಾಗಿ ಮಾಡೋದು ಸಮಾಜ ಕಟ್ಟಿದ ಅಡ್ಡಿಗಳು ಅಂತ ಇಲ್ಲಿನ ಚಳವಳಿಯವರು 1976ರಲ್ಲೇ ಹೇಳಿದ್ರು. ದೊಡ್ಡ ಮಾತು ಅದು. ಆದರೆ ಮೆಟ್ಟಿಲೆಲ್ಲ ಕಿತ್ತು ಹಾಕಿದರೂ ಹಾಸಿಗೆಯಿಂದ ಏಳಲಾರದವರು ಇರ್ತಾರೆ. ಅವರ ಪರವಾಗಿ ತೋರಿಸೋಕೆ ನನ್ನ ಹತ್ತಿರ ಯಾವ ಲಾಭದ ಲೆಕ್ಕವೂ ಇಲ್ಲ.

ತಮ್ಮ: ಮಂತ್ರಿಗಳು ಕೇಳೋದು ಲೆಕ್ಕವನ್ನೇ.

ಅಕ್ಕ: ಗೊತ್ತು. ಮುಂದಿನ ತಿಂಗಳು ನಮ್ಮ ಸಂಸದರನ್ನ ನೋಡೋಕೆ ಹೋಗ್ತಿದ್ದೀವಿ. ಸಂಬಳ ತಗೊಳ್ಳೋ ನನ್ನಂಥವರು ಈ ಸಲ ಬಾಯಿ ಮುಚ್ಚಿಕೊಂಡು ಹಿಂದೆ ಕೂರಬೇಕು ಅಂತ ತೀರ್ಮಾನ ಆಗಿದೆ.