ಮಗನ ಹೆಸರಿಗೆ ಬಂದ 15 ಲಕ್ಷ

ಲೂಕ 15ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಅದಕ್ಕೆ ಮುಂಚೆ ಅಣಶಿಗೆ ಹೋಗಿ ಬರೋಣ.

ಜೋಯಿಡಾ ತಾಲೂಕಿನ ಅಣಶಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ಈಗ ಅದರ ಹೆಸರು ಕಾಳಿ. ಕಾಡಿನೊಳಗಿನ ಮನೆಯವರು ತಾವಾಗಿ ಒಪ್ಪಿ ಹೊರಗೆ ಬಂದರೆ ಪರಿಹಾರ ಉಂಟು. ಕುಟುಂಬಕ್ಕೆ 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷ ಆಯಿತು. ನಿಯಮದಲ್ಲಿ ಒಂದು ಮಾತು ನೋಡಿ: 18 ದಾಟಿದ ಮಗ, ಮದುವೆ ಆಗದಿದ್ದರೂ, ಬೇರೆಯೇ ಒಂದು ಕುಟುಂಬ. ಅಂದರೆ ಅಪ್ಪನಿಗೆ 15 ಲಕ್ಷ, ಅಮ್ಮ ಬಡಿಸಿದ್ದನ್ನೇ ಉಣ್ಣುವ 19ರ ಮಗನಿಗೂ 15 ಲಕ್ಷ.

ಆ ತಂದೆತಾಯಿಗೆ ನಿದ್ದೆ ಬರುತ್ತಾ? ಬೈಕ್, ಮೊಬೈಲ್, ರಾತ್ರೋರಾತ್ರಿ ಹುಟ್ಟಿಕೊಳ್ಳೋ ಫ್ರೆಂಡ್ಸ್. ಪಾಸ್‌ಬುಕ್ ಕಿತ್ತಿಟ್ಟುಕೊಂಡು ಬಿಡೋಣ ಅನಿಸುತ್ತೆ. ಅದು ಸರೀನಾ?

ಸರಿಯಲ್ಲ ಅಂತಲೇ ನಾನು ಹೇಳ್ತೀನಿ. ಹಣ ಅವನದು. ಇನ್ನೊಂದು, ಅಪ್ಪ ತಾನೇ ಅಷ್ಟು ದುಡ್ಡು ಯಾವತ್ತು ನೋಡಿದ್ದಾರೆ? ಗದ್ದೆ, ಗೆಡ್ಡೆಗೆಣಸು, ಕಾಡು ಅವರಿಗೆ ಬಾಯಿಪಾಠ. ಬ್ಯಾಂಕಿನ ಬಾಗಿಲಲ್ಲಿ ಅಪ್ಪ ಮಗ ಇಬ್ಬರೂ ಒಂದನೇ ಕ್ಲಾಸು.

ಲೂಕದಲ್ಲಿ ತಂದೆ ಕಿರಿಯವನನ್ನು ತಡೆಯಲಿಲ್ಲ. ಆಸ್ತಿಯನ್ನ ಇಬ್ಬರಿಗೂ ಹಂಚಿದ. (ಹಿರಿಯವನಿಗೂ ಅವತ್ತೇ ಪಾಲು ಸಿಕ್ಕಿತ್ತು, ನಾವು ಅದನ್ನ ಓದೋದೇ ಇಲ್ಲ!) ಹಾಗಂತ ಕೊಟ್ಟು ಕೈತೊಳೆದುಕೊಳ್ಳಿ ಅಂತಲ್ಲ. ಬಾಧ್ಯಸ್ಥನು ಬಾಲಕನಾಗಿರುವಾಗ ಪಾಲಕರ ಕೈಕೆಳಗಿರುತ್ತಾನೆ ಅಂತ ಪೌಲನು ಗಲಾತ್ಯ 4ರಲ್ಲಿ ಬರೀತಾನೆ. ಎಲ್ಲಿಯವರೆಗೆ? ತಂದೆ ಗೊತ್ತುಮಾಡಿದ ದಿನದವರೆಗೆ. ದಿನವನ್ನೇ ಹೇಳದೆ ಹಣ ಹಿಡಿದಿಟ್ಟುಕೊಳ್ಳುವ ಅಪ್ಪನಿಗೆ ಈ ವಾಕ್ಯದಲ್ಲಿ ಆಧಾರ ಸಿಗಲ್ಲ.

ಯೌವನಸ್ಥರೇ, ಈಗ ನಿಮ್ಮ ಸರದಿ. ಆ 15 ಲಕ್ಷ ಸಂಬಳ ಅಲ್ಲ. ಅಜ್ಜ ಉತ್ತ ನೆಲ, ಅಜ್ಜಿ ಒಲೆ ಹಚ್ಚಿದ ಮನೆ, ಅದನ್ನು ಬಿಟ್ಟು ಬಂದದ್ದಕ್ಕೆ ಸಿಕ್ಕಿದ್ದು. ಕಾನೂನಿನಲ್ಲಿ ಒಬ್ಬನದಾದರೂ, ಖರ್ಚು ಮಾಡುವಾಗ ಒಬ್ಬನೇ ತೀರ್ಮಾನ ಮಾಡೋದು ನ್ಯಾಯವಾ? ದೊಡ್ಡ ಪಾಲನ್ನ ರಾಷ್ಟ್ರೀಕೃತ ಬ್ಯಾಂಕಿನಲ್ಲಿಟ್ಟು ಬಡ್ಡಿ ಬರುವಂತೆ ಮಾಡಬೇಕು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತೆ. ಲೆಕ್ಕ ಹಾಕಿ. ವರ್ಷಕ್ಕೆ ನೂರಕ್ಕೆ 6 ಅಂದುಕೊಂಡರೆ 15 ಲಕ್ಷಕ್ಕೆ ತಿಂಗಳಿಗೆ 7,500. ಒಂದೂವರೆ ಲಕ್ಷದ ಬೈಕ್ ತಗೊಂಡ ದಿನವೇ ಅದರಲ್ಲಿ 750 ಹೋಯ್ತು, ಪ್ರತಿ ತಿಂಗಳೂ. ಪೆಟ್ರೋಲ್ ಬೇರೆ. ಈ ಲೆಕ್ಕವನ್ನ ಅಪ್ಪನ ಪಕ್ಕ ಕೂತು ಹಾಕಿ. ಜಂಟಿ ಖಾತೆ ಬೇಕಾ, ಎಷ್ಟು ವರ್ಷಕ್ಕೆ, ಇಬ್ಬರೂ ಮಾತಾಡಿ ಗೊತ್ತುಮಾಡಿ. ಮಗ ಒಪ್ಪಿದ ಬೇಲಿ ನಿಲ್ಲುತ್ತೆ.

ಎದ್ದು ನಿಲ್ಲೋಣ. ಕಾಡು ಬಿಟ್ಟು ಬಂದ ಮನೆಗಳಿಗಾಗಿ, ಇವತ್ತು ರಾತ್ರಿ ಪಾಸ್‌ಬುಕ್ ಮುಂದಿಟ್ಟುಕೊಂಡು ಕೂತಿರೋ ಅಪ್ಪ ಮಕ್ಕಳಿಗಾಗಿ ಪ್ರಾರ್ಥಿಸೋಣ.