ತಕ್ಕಡಿಯ ಪಕ್ಕದಲ್ಲಿ ನಿಂತವಳು

ಅಮ್ಮ ಹೋದ ಮೇಲೆ ಅವಳ ಅವಲಕ್ಕಿ ಸರ ಮತ್ತು ಎರಡು ಬಳೆಗಳನ್ನು ತೂಗಿಸಲು ನಾನು, ಅಣ್ಣ, ಅತ್ತಿಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋದೆವು. ಸರ ಅವರಿಗೆ, ಬಳೆ ನನಗೆ, ಹೆಚ್ಚುಕಡಿಮೆಯನ್ನು ಹಣದಲ್ಲಿ ಸರಿಮಾಡುವುದು ಎಂದು ನಾನೇ ಹೇಳಿದ್ದೆ. ಅಂಗಡಿಯವರು ಫ್ಯಾನ್ ಆರಿಸಿ, ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದರು. ಸರವೇ ಹೆಚ್ಚು ತೂಗಿತು. ಅಣ್ಣ ನನಗೆ ಹಣ ಕೊಡಬೇಕಾಯಿತು. ಅತ್ತಿಗೆ ಮಾತಾಡಲಿಲ್ಲ.

ರಾತ್ರಿ, ಭೌತಶಾಸ್ತ್ರ ಕಲಿಸುವ ನನ್ನ ಮಗಳಿಗೆ ಆ ಗಾಜಿನ ಬಾಗಿಲಿನ ಕಥೆ ಹೇಳಿದೆ. "ಗಾಳಿ ತಡೀಬಹುದು ಅಮ್ಮಾ, ಗುರುತ್ವ ತಡೆಯೋ ಗೋಡೆ ಇಲ್ಲ" ಎಂದಳು. 1965ರಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಗುರುತಿಸಿದ್ದು ನನಗೂ ಗೊತ್ತು. ಆಕಾಶದಿಂದ ಸುರಿಯುವ ಬೇರೆ ಕಣಗಳನ್ನು ಮೇಲಿನ ಬಂಡೆ ತಡೆದಿತ್ತು. ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನಲ್ಲಿ, 1980ರ ದಶಕದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 'ಐದನೆಯ ಬಲ' ಇದೆಯೇ ಎಂದು ಹುಡುಕಲು ನೆಲದಡಿಯಲ್ಲಿ ತಂತಿಯಿಂದ ತೂಗುಬಿಟ್ಟ ಸೂಕ್ಷ್ಮ ತಕ್ಕಡಿಯನ್ನು ಇಟ್ಟರಂತೆ. ಆಳದಲ್ಲಿ ಗಾಳಿಯಿಲ್ಲ, ಬಿಸಿಲಿನ ಏರಿಳಿತವಿಲ್ಲ. ಆದರೂ ಮಳೆನೀರು ಮಣ್ಣಿಗೆ ಇಂಗಿದರೆ, ಯಾರಾದರೂ ಹತ್ತಿರ ಬಂದು ನಿಂತರೆ, ಸೆಳೆತ ಕಿಂಚಿತ್ತು ಬದಲಾಗುತ್ತದೆ. ಚಂದ್ರ ಸೂರ್ಯರಿಂದ ನಮ್ಮ ತೂಕ ಬದಲಾಗುವುದೂ ಸುಮಾರು ಕೋಟಿಯಲ್ಲಿ ಒಂದು ಪಾಲು. ಚಿನ್ನದಂಗಡಿಗೆ ಇದು ಲೆಕ್ಕಕ್ಕಿಲ್ಲ, ಅಂಥ ಸೂಕ್ಷ್ಮ ಯಂತ್ರಕ್ಕೆ ಉಂಟು.

"ಹಾಗಾದರೆ ಏನು ಮಾಡ್ತಾರೆ?"

"ಸುತ್ತ ಏನೇನಿದೆ ಅಂತ ಬರೆದಿಟ್ಟು, ಅದರ ಸೆಳೆತವನ್ನ ಲೆಕ್ಕದಿಂದ ಕಳೀತಾರೆ."

ಆ ಮಾತು ನನ್ನ ನಿದ್ದೆ ಕೆಡಿಸಿತು. ನ್ಯಾಯ ತೂಗುವಾಗ ನಾವೂ ಫ್ಯಾನ್ ಆರಿಸುತ್ತೇವೆ, ಕೂಗಾಡುವವರನ್ನು ಹೊರಗೆ ಕಳಿಸುತ್ತೇವೆ. ಆದರೆ ತೂಗುವವಳೇ ತಕ್ಕಡಿಯ ಪಕ್ಕದಲ್ಲಿ ನಿಂತಿರುತ್ತಾಳಲ್ಲ! ಆ ಬಳೆಗಳು ಮಗಳ ಮದುವೆಗೆ ಆಗುತ್ತವೆಂಬ ಆಸೆ ನನ್ನೊಳಗಿತ್ತು. 2001ರಲ್ಲಿ ಗಣಿ ಮುಚ್ಚಿ ಅಣ್ಣನ ಕೆಲಸ ಹೋದಾಗ ಮನೆ ನಡೆಸಿದವರು ಅತ್ತಿಗೆ. ಹಾಸಿಗೆ ಹಿಡಿದ ಅಮ್ಮನನ್ನು ಆರು ವರ್ಷ ತೊಳೆದು ಬಳಿದವರೂ ಅವರೇ. ಅದನ್ನು ನಾನು ಯಾವ ತಟ್ಟೆಗೂ ಹಾಕಿರಲಿಲ್ಲ. ತಕ್ಕಡಿ ಸುಳ್ಳು ಹೇಳಲಿಲ್ಲ. ನಾನು ಅದನ್ನು ಕೇಳಿದ್ದೇ ಅರ್ಧ.

ಆಸೆಯಿಲ್ಲದ ಮನುಷ್ಯರಾಗುವುದು ನಮ್ಮಂಥವರಿಗೆ ಸಾಧ್ಯವೋ ಕಾಣೆ. ಆದರೆ ನನ್ನ ಆಸೆ ಇದು, ಇಷ್ಟು ಎಳೆಯುತ್ತದೆ ಎಂದು ತಿಳಿದು ಅಷ್ಟನ್ನು ಕಳೆಯಬಹುದಲ್ಲ?

ಬೆಳಿಗ್ಗೆ ಅಡುಗೆಮನೆಗೆ ಹೋಗಿ, ಹಣ ಬೇಡ ಅತ್ತಿಗೆ ಎಂದು ಒಂದು ಬಳೆಯನ್ನು ಮುಂದೆ ಹಿಡಿದೆ. "ಕೈ ಒದ್ದೆ ಇದೆ, ಅಲ್ಲಿಡು" ಎಂದರು. ಇಟ್ಟೆ. ಇನ್ನೊಂದು ಬಳೆ ನನ್ನ ಬೀರುವಿನಲ್ಲಿದೆ. ಕಳೆದದ್ದು ಸಾಕಾಯಿತೋ ಇಲ್ಲವೋ ಎಂದು ಬೀರು ತೆಗೆದಾಗಲೆಲ್ಲ ಕೇಳಿಕೊಳ್ಳುತ್ತೇನೆ.